ಐನೂರು ಪ್ರತಿ

— ನಿನ್ನ ಪಾಠದ ಟಿಪ್ಪಣಿ ಪೂರಾ ಓದಿದೆ ಮಗಳೇ. ವರ್ಡ್ಸ್‌ವರ್ತ್, ಕೋಲ್‌ರಿಜ್, ಬೈರನ್, ಶೆಲ್ಲಿ, ಕೀಟ್ಸ್, ಎಲ್ಲರೂ ಸಾಲಾಗಿ ನಿಂತಿದ್ದಾರೆ. ಹುಟ್ಟಿದ ವರ್ಷ, ಸತ್ತ ವರ್ಷ, ಕೃತಿಗಳ ಹೆಸರು ಎಲ್ಲ ಇದೆ. ಎಷ್ಟು ಪ್ರತಿ ಅಚ್ಚು ಹಾಕಿಸಿದರು, ದುಡ್ಡು ಹಾಕಿದವರು ಯಾರು, ಅದು ಮಾತ್ರ ಎಲ್ಲೂ ಇಲ್ಲ.

— ಎಂ.ಎ. ಮಕ್ಕಳಿಗೆ ಅದರಿಂದ ಏನಾಗಬೇಕು ಮಾವ? ಅವರಿಗೆ ಬೇಕಾದದ್ದು ಪದ್ಯ.

— ಮೊಳೆ ಜೋಡಿಸಿ ಹೊಟ್ಟೆ ಹೊರೆದವನು ನಾನು, ನನಗೆ ಮೊದಲು ಕಾಣೋದೇ ಅದು. ಪದ್ಯ ಕವಿಯ ತಲೆಯಲ್ಲಿ ಹುಟ್ಟುತ್ತೆ, ಒಪ್ಪಿದೆ. ಓದುವವನ ಕೈಗೆ ಬರಬೇಕಾದರೆ ಯಾರೋ ಕಾಗದ ಕೊಳ್ಳಬೇಕು, ಯಾರೋ ಪ್ರೂಫ್ ನೋಡಬೇಕು, ಯಾರೋ ತನ್ನ ಹೆಸರು ಹಾಕಿ ಪ್ರಕಟಿಸೋ ಧೈರ್ಯ ಮಾಡಬೇಕು. ಆ ಯುಗ ‘ಲಿರಿಕಲ್ ಬ್ಯಾಲಡ್ಸ್’ನಿಂದ ಶುರು ಅಂತ ಬರೆದಿದ್ದೀಯ. ಆ ಪುಸ್ತಕ ಹೊರಬಂದದ್ದು ಹೇಗೆ, ಹೇಳು.

— 1798ರಲ್ಲಿ ಬಂತು. ಅಚ್ಚಾದದ್ದು ಬ್ರಿಸ್ಟಲ್‌ನಲ್ಲಿ. ಜೋಸೆಫ್ ಕಾಟಲ್ ಅಂತ ಅಲ್ಲಿಯ ಪುಸ್ತಕ ವ್ಯಾಪಾರಿ, ವರ್ಡ್ಸ್‌ವರ್ತ್, ಕೋಲ್‌ರಿಜ್ ಇಬ್ಬರಿಗೂ ಸ್ನೇಹಿತ. ಇವರಿಗೆ ಜರ್ಮನಿಗೆ ಹೋಗಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ. ಪದ್ಯ ಒಟ್ಟುಮಾಡಿ ಅವನಿಗೆ ಕೊಟ್ಟರು. ಐನೂರು ಪ್ರತಿ ತೆಗೆದರು. ಇಪ್ಪತ್ತಮೂರು ಪದ್ಯ, ಅದರಲ್ಲಿ ನಾಲ್ಕು ಕೋಲ್‌ರಿಜ್‌ನವು. ಶೀರ್ಷಿಕೆ ಪುಟದಲ್ಲಿ ಯಾರ ಹೆಸರೂ ಇಲ್ಲ.

— ಐನೂರು! ಕವನ ಸಂಕಲನ ಹಿಡಿದುಕೊಂಡು ನಮ್ಮ ಪ್ರೆಸ್ಸಿಗೆ ಬಂದವರೂ ಅದನ್ನೇ ಹೇಳುತ್ತಿದ್ದರು. ಹೆಸರು ಯಾಕೆ ಹಾಕಲಿಲ್ಲ?

— ವರ್ಡ್ಸ್‌ವರ್ತ್ ಅಂದರೆ ಯಾರು ಅಂತ ಆಗ ಜನಕ್ಕೆ ಗೊತ್ತಿರಲಿಲ್ಲ. ಕೋಲ್‌ರಿಜ್ ಗೊತ್ತಿದ್ದ, ಆದರೆ ಫ್ರಾನ್ಸಿನ ಕ್ರಾಂತಿಯ ಪರ ಮಾತಾಡಿ ಹೆಸರು ಕೆಡಿಸಿಕೊಂಡಿದ್ದ. ಗುಟ್ಟು ಕಾಯೋದಕ್ಕೆ ಎಷ್ಟು ಪಾಡುಪಟ್ಟರು ಅಂದರೆ, ಅವನ ‘ಲ್ಯೂಟಿ’ ಅನ್ನೋ ಪದ್ಯ ಅಚ್ಚಾಗಿಯೇಬಿಟ್ಟಿತ್ತು. ಅದು ಮೊದಲೇ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಬಂದಿತ್ತು, ಬರೆದವನು ಯಾರು ಅಂತ ಬಲ್ಲವರಿದ್ದರು. ಆ ಹಾಳೆಗಳನ್ನು ತೆಗೆಸಿ, ಆ ಜಾಗಕ್ಕೆ ‘ದಿ ನೈಟಿಂಗೇಲ್’ ಹಾಕಿದರು. ‘ಲ್ಯೂಟಿ’ ಉಳಿದುಕೊಂಡ ಪ್ರತಿಗಳು ಬೆರಳೆಣಿಕೆಯಷ್ಟು ಮಾತ್ರ.

— ಅಚ್ಚಾದ ಹಾಳೆ ತೆಗೆದು ಬೇರೆ ಹಾಳೆ ಕೂಡಿಸೋ ಕಷ್ಟ ನನಗೆ ಗೊತ್ತು. ಕಾಗದದ ಖರ್ಚು ಎರಡು ಸಲ, ಮೊಳೆ ಜೋಡಿಸೋದು ಎರಡು ಸಲ. ಐನೂರು ಪ್ರತಿಯ ಪುಸ್ತಕದಲ್ಲಿ ಆ ನಷ್ಟ ನುಂಗಿಕೊಂಡ ಅಂದರೆ ಕಾಟಲ್ ಬರೀ ವ್ಯಾಪಾರಿ ಅಲ್ಲ.

— ‘ಟಿಂಟರ್ನ್ ಅಬ್ಬೆ’ ಸೇರಿದ್ದೂ ಹಾಗೇ, ಕಟ್ಟಕಡೆಗೆ. ಪದ್ಯದ ಉದ್ದನೆಯ ಹೆಸರಿನಲ್ಲೇ 1798ರ ಜುಲೈ 13 ಅಂತ ತಾರೀಕಿದೆ. ತಂಗಿ ಡೊರೊಥಿ ಜೊತೆ ವೈ ನದಿಯ ಕಣಿವೆ ಸುತ್ತಿ ವರ್ಡ್ಸ್‌ವರ್ತ್ ಬ್ರಿಸ್ಟಲ್‌ಗೆ ಬಂದಾಗ ಪುಸ್ತಕ ಅಚ್ಚಿನಲ್ಲಿತ್ತು. ಅವನ ಅತಿ ದೊಡ್ಡ ಪದ್ಯಗಳಲ್ಲೊಂದು ಪುಸ್ತಕದ ಕೊನೆಗೆ ಕೂತದ್ದು ಹಾಗೆ.

— ಮಾರಾಟ ಹೇಗಾಯಿತು?

— ಕಾಟಲ್ ಬಹುಪಾಲು ಪ್ರತಿಗಳನ್ನು ಲಂಡನ್ನಿನ ಆರ್ಚ್ ಅನ್ನೋ ವ್ಯಾಪಾರಿಗಳಿಗೆ ದಾಟಿಸಿಬಿಟ್ಟ. ವಿಮರ್ಶೆ ಬರೆದವರಲ್ಲಿ ರಾಬರ್ಟ್ ಸೌದಿಯೂ ಒಬ್ಬ, ಕೋಲ್‌ರಿಜ್‌ಗೆ ಷಡ್ಡಕನಾಗಬೇಕು. ಕೋಲ್‌ರಿಜ್‌ನ ‘ಏನ್ಶಿಯೆಂಟ್ ಮ್ಯಾರಿನರ್’ ಅವನಿಗೂ ಹಿಡಿಸಲಿಲ್ಲ. ಮುಂದೆ ಕಾಟಲ್ ವ್ಯಾಪಾರ ಬಿಟ್ಟಾಗ ಅವನ ಪುಸ್ತಕಗಳ ಹಕ್ಕು ಲಾಂಗ್‌ಮನ್‌ಗೆ ಹೋಯಿತು. ಲೆಕ್ಕ ಕಟ್ಟುವಾಗ ‘ಲಿರಿಕಲ್ ಬ್ಯಾಲಡ್ಸ್’ಗೆ ಸೊನ್ನೆ ಬೆಲೆ ಹಾಕಿದ್ದರಂತೆ. ಬೆಲೆ ಇಲ್ಲದಿದ್ದರೆ ನನಗೇ ಕೊಡಿ ಅಂತ ಕಾಟಲ್ ಇಸ್ಕೊಂಡು ವರ್ಡ್ಸ್‌ವರ್ತ್‌ಗೆ ವಾಪಸ್ ಕೊಟ್ಟ. ಇದು ಕಾಟಲ್ ತಾನೇ ಬರೆದಿಟ್ಟ ಸಂಗತಿ.

— ನೋಡಿದೆಯಾ, ಇದನ್ನು ಟಿಪ್ಪಣಿಯಲ್ಲಿ ಯಾಕೆ ಬಿಟ್ಟೆ? ಒಂದು ಯುಗದ ಬಾಗಿಲು ಅಂತ ನೀನು ಹೇಳೋ ಪುಸ್ತಕ ಒಂದು ಕಾಲಕ್ಕೆ ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಆಗಿತ್ತು.

— ಆಮೇಲಿನ ಕತೆ ಇನ್ನೂ ಚೆನ್ನಾಗಿದೆ. ಎರಡನೇ ಮುದ್ರಣ ಎರಡು ಸಂಪುಟದಲ್ಲಿ ಬಂತು, ಪುಟದ ಮೇಲೆ 1800 ಅಂತ ಇದ್ದರೂ ಕೈಗೆ ಸಿಕ್ಕಿದ್ದು 1801ರ ಜನವರಿಯಲ್ಲಿ. ಎಲ್ಲರೂ ಓದೋ ಆ ಪ್ರಸಿದ್ಧ ಮುನ್ನುಡಿ ಸೇರಿದ್ದು ಆಗಲೇ. ವರ್ಡ್ಸ್‌ವರ್ತ್ ಇದ್ದದ್ದು ದೂರದ ಗ್ರಾಸ್ಮಿಯರ್‌ನಲ್ಲಿ, ಅಚ್ಚಿನ ಕೆಲಸ ಬ್ರಿಸ್ಟಲ್‌ನಲ್ಲಿ. ಪ್ರೂಫ್ ನೋಡಿ ವಿರಾಮಚಿಹ್ನೆ ಸರಿಮಾಡಿ ಅಂತ ಅವನು ಕಾಗದ ಬರೆದು ಕೇಳಿಕೊಂಡದ್ದು ಯಾರನ್ನು ಗೊತ್ತಾ? ಹಂಫ್ರಿ ಡೇವಿಯನ್ನು.

— ಗಣಿ ದೀಪದ ಡೇವಿ?

— ಅವನೇ. ದೀಪ ಮಾಡಿದ್ದು ಆಮೇಲೆ. ಆಗಿನ್ನೂ ಹುಡುಗ, ಬ್ರಿಸ್ಟಲ್‌ನಲ್ಲಿ ಅನಿಲಗಳ ಮೇಲೆ ಪ್ರಯೋಗ ಮಾಡುತ್ತಿದ್ದ.

— ಅಲ್ಪವಿರಾಮ ಒಂದು ಜಾಗ ಬದಲಾದರೆ ಪದ್ಯದ ಉಸಿರೇ ಬದಲಾಗುತ್ತೆ. ಅದನ್ನು ಕೈಗೆ ಸಿಕ್ಕ ರಸಾಯನ ವಿಜ್ಞಾನಿಗೆ ಒಪ್ಪಿಸಿದ್ದಾನೆ ಅಂದರೆ ಎಂಥ ನಂಬಿಕೆ! ಆ ಎರಡನೇ ಮುದ್ರಣದಲ್ಲಿ ಹೆಸರು ಹಾಕಿದರಾ?

— ಹಾಕಿದರು. ವರ್ಡ್ಸ್‌ವರ್ತ್ ಹೆಸರೊಂದನ್ನೇ. ಮೊದಲ ಮುದ್ರಣದಲ್ಲಿ ಎಲ್ಲಕ್ಕಿಂತ ಮುಂದಿದ್ದ ‘ಮ್ಯಾರಿನರ್’ ಮೊದಲ ಸಂಪುಟದ ಹಿಂಭಾಗಕ್ಕೆ ಹೋಯಿತು. ಅದರ ದೋಷಗಳನ್ನು ಎತ್ತಿ ಹೇಳೋ ಟಿಪ್ಪಣಿಯೊಂದನ್ನು ವರ್ಡ್ಸ್‌ವರ್ತ್ ಅದಕ್ಕೆ ಅಂಟಿಸಿದ. ಕೋಲ್‌ರಿಜ್ ಕಷ್ಟಪಟ್ಟು ಬರೆಯುತ್ತಿದ್ದ ‘ಕ್ರಿಸ್ಟಬೆಲ್’ ಒಳಕ್ಕೇ ಬರಲಿಲ್ಲ. ಅದೂ ‘ಕುಬ್ಲಾ ಖಾನ್’ ಕೂಡ 1816ರವರೆಗೆ ಹಸ್ತಪ್ರತಿಯಲ್ಲೇ ಉಳಿದವು. ಕೊನೆಗೆ ಬೈರನ್ ಒತ್ತಾಯ ಮಾಡಿ, ತನ್ನ ಪ್ರಕಾಶಕ ಜಾನ್ ಮರ್ರೆಯಿಂದ ಹಾಕಿಸಿದ.

— ಸ್ನೇಹಿತನ ಪುಸ್ತಕದಲ್ಲಿ ಸ್ನೇಹಿತನಿಗೇ ಹೀಗಾಯಿತಲ್ಲ. ಓದಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಡೊರೊಥಿ ಅಂದೆಯಲ್ಲ, ಆ ಹೆಣ್ಣುಮಗಳದು ಏನೂ ಅಚ್ಚಾಗಲಿಲ್ಲವಾ?

— ದಿನಚರಿ ಬರೆಯುತ್ತಿದ್ದಳು. 1802ರ ಏಪ್ರಿಲ್ 15ರಂದು ಅಣ್ಣ ತಂಗಿ ಅಲ್ಸ್‌ವಾಟರ್ ಸರೋವರದ ದಡದಲ್ಲಿ ಡ್ಯಾಫೊಡಿಲ್ ಹೂಗಳನ್ನು ಕಂಡರು. ಅವು ಕಲ್ಲುಗಳ ನಡುವೆ ಹೇಗೆ ನಿಂತಿದ್ದವು, ಗಾಳಿಗೆ ಹೇಗೆ ಆಡುತ್ತಿದ್ದವು ಅಂತ ಅವಳು ಬರೆದಿಟ್ಟಳು. ಅಣ್ಣ ಪದ್ಯ ಬರೆದದ್ದು ಸುಮಾರು ಎರಡು ವರ್ಷ ಆದಮೇಲೆ, ಅಚ್ಚಾದದ್ದು 1807ರಲ್ಲಿ. ಪದ್ಯದಲ್ಲಿ ಅವನು ಒಂಟಿಯಾಗಿ ಅಲೆಯುತ್ತಾನೆ. ತಂಗಿಯ ದಿನಚರಿ ಪುಸ್ತಕವಾಗಿ ಹೊರಬರೋ ಹೊತ್ತಿಗೆ 19ನೇ ಶತಮಾನ ಮುಗೀತಾ ಬಂದಿತ್ತು. ಅವಳು ತೀರಿಕೊಂಡದ್ದು 1855ರಲ್ಲಿ.

— ಹಾಗಾದರೆ ನಿನ್ನ ಟಿಪ್ಪಣಿಯ ಪಟ್ಟಿಯಲ್ಲಿ ಅವಳನ್ನು ಎಲ್ಲಿ ಇಡ್ತೀಯ? ಬರೆದ ಕಾಲದಲ್ಲೋ, ಅಚ್ಚಾದ ಕಾಲದಲ್ಲೋ?

— ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮಾವ. ಪಟ್ಟಿಯನ್ನೇ ಬದಲಾಯಿಸಬೇಕಾಗುತ್ತೆ. ವರ್ಡ್ಸ್‌ವರ್ತ್‌ನ ‘ಪ್ರಿಲ್ಯೂಡ್’ ಕೂಡ 1805ಕ್ಕೆ ಒಂದು ರೂಪದಲ್ಲಿ ಮುಗಿದಿತ್ತು, ಓದುಗರ ಕೈಗೆ ಬಂದದ್ದು ಅವನು ಸತ್ತಮೇಲೆ, 1850ರಲ್ಲಿ. ಆ ಹೆಸರನ್ನೂ ಅವನ ಹೆಂಡತಿ ಇಟ್ಟದ್ದು. ಇನ್ನು ಬ್ಲೇಕ್ ಇದ್ದಾನೆ, ಅವನ ‘ಸಾಂಗ್ಸ್ ಆಫ್ ಇನೊಸೆನ್ಸ್’ 1789ರದು, ‘ಎಕ್ಸ್‌ಪೀರಿಯನ್ಸ್’ ಸೇರಿದ್ದು 1794ರಲ್ಲಿ. ಅವನಿಗೆ ಐನೂರು ಪ್ರತಿಯ ಮಾತೇ ಇಲ್ಲ. ಎಲ್ಲ ಸೇರಿದರೂ ಕೆಲವು ಡಜನ್.

— ಕವಿತೆಯನ್ನು ತಾನೇ ಅಚ್ಚು ಹಾಕಿದವನು ಅಲ್ಲವಾ? ಅದನ್ನು ಬಿಡಿಸಿ ಹೇಳು.

— ಅವನ ಕಸುಬೇ ತಾಮ್ರದ ತಗಡಿನ ಮೇಲೆ ಕೊರೆಯೋದು. ಬೇರೆಯವರು ತಗಡಿಗೆ ಮೇಣ ಹಚ್ಚಿ, ಬೇಕಾದ ಗೆರೆಯನ್ನು ಕೆರೆದು, ಆಮ್ಲದಿಂದ ಆ ಗೆರೆ ತಗ್ಗಾಗೋ ಹಾಗೆ ಮಾಡುತ್ತಿದ್ದರು. ಇವನು ಉಲ್ಟಾ ಮಾಡಿದ. ಆಮ್ಲ ತಿನ್ನದ ದ್ರವವೊಂದರಲ್ಲಿ ಕುಂಚ ಅದ್ದಿ, ಅಕ್ಷರ ಮತ್ತು ಚಿತ್ರ ಎರಡನ್ನೂ ನೇರವಾಗಿ ತಗಡಿನ ಮೇಲೆ ಬರೆದ. ಆಮ್ಲ ಸುರಿದರೆ ಸುತ್ತಲಿನ ತಾಮ್ರ ಕರಗಿ, ಬರೆದದ್ದು ಉಬ್ಬಿ ನಿಲ್ಲುತ್ತೆ. ಅದಕ್ಕೆ ಮಸಿ ಹಚ್ಚಿ ಕಾಗದ ಒತ್ತೋದು, ಆಮೇಲೆ ಅವನೂ ಹೆಂಡತಿ ಕ್ಯಾಥರೀನಳೂ ಕೂತು ಒಂದೊಂದು ಹಾಳೆಗೂ ಬಣ್ಣ ತುಂಬೋದು.

— ಅಂದರೆ ಪ್ರತಿಯೊಂದು ಅಕ್ಷರವನ್ನೂ ಅವನು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಹಾಗೆ ಬರೆಯಬೇಕು. ಮೊಳೆಯನ್ನು ಉಲ್ಟಾ ಓದೋದು ನಮಗೆ ಅಭ್ಯಾಸ, ಅದು ಓದೋದಷ್ಟೇ. ಉಲ್ಟಾ ಬರೆಯೋದು, ಅದೂ ಕುಂಚದಲ್ಲಿ, ಪದ್ಯಕ್ಕೆ ಪದ್ಯ! ಆ ‘ಟೈಗರ್’ ಅನ್ನೋ ಪದ್ಯ ಎಲ್ಲರ ಬಾಯಲ್ಲೂ ಇದೆ. ಅದರ ಕೆಳಗೆ ಅವನು ಬಿಡಿಸಿದ ಹುಲಿ ನೋಡಿದವರು ಎಷ್ಟು ಜನ? ನಿನ್ನ ಮಕ್ಕಳಿಗೆ ಬರೀ ಸಾಲು ಕೊಟ್ಟರೆ ಅವರು ಬ್ಲೇಕ್‌ನ ಅರ್ಧ ಮಾತ್ರ ಓದಿದ ಹಾಗೆ.

— ಕ್ಯಾಥರೀನಳಿಗೆ ಮದುವೆಯ ದಿನ ದಾಖಲೆ ಪುಸ್ತಕದಲ್ಲಿ ಸಹಿ ಹಾಕೋಕೆ ಬರುತ್ತಿರಲಿಲ್ಲ, ಗುರುತು ಹಾಕಿದ್ದಳು. ಗಂಡನೇ ಓದು ಬರಹ ಕಲಿಸಿದ. ಅವಳು ಅಚ್ಚು ತೆಗೆದ, ಬಣ್ಣ ಹಚ್ಚಿದ ಪುಟಗಳು ಇವತ್ತು ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿವೆ.

— ಬೈರನ್‌ಗೆ ಬಾ. ಅವನಿಗೆ ದುಡ್ಡಿನ ಕಷ್ಟ ಇರಲಿಲ್ಲ, ಓದುಗರ ಕಷ್ಟವೂ ಇರಲಿಲ್ಲ ಅಂತ ಕೇಳಿದ್ದೀನಿ.

— ಅವನಿಗೆ ಸಾಲ ಬೇಕಾದಷ್ಟಿತ್ತು. ಓದುಗರು ಮಾತ್ರ ಮುಗಿಬಿದ್ದರು. 1812ರ ಮಾರ್ಚ್‌ನಲ್ಲಿ ‘ಚೈಲ್ಡ್ ಹೆರಾಲ್ಡ್’ನ ಮೊದಲ ಎರಡು ಭಾಗ ಬಂತು. ಅದೂ ಐನೂರೇ ಪ್ರತಿ! ದೊಡ್ಡ ಆಕಾರದ ಪುಸ್ತಕ, ಮೂವತ್ತು ಶಿಲಿಂಗ್. ಹೊಲದ ಕೂಲಿಯವನಿಗೆ ಎರಡು ವಾರದ ಸಂಬಳಕ್ಕೂ ಮಿಕ್ಕಿದ ಬೆಲೆ. ಮೂರು ದಿನದಲ್ಲಿ ಖಾಲಿ. ಆಮೇಲೆ ಮರ್ರೆ ಚಿಕ್ಕ ಆಕಾರದಲ್ಲಿ ಕಡಿಮೆ ಬೆಲೆಗೆ ಹಾಕಿದ. 1814ರಲ್ಲಿ ‘ದಿ ಕೋರ್ಸೇರ್’ ಬಂದ ದಿನವೇ ಹತ್ತು ಸಾವಿರ ಪ್ರತಿ ಹೋಯಿತು.

— ಮರ್ರೆ ಲೆಕ್ಕ ಬಲ್ಲವನು. ಮೊದಲು ದೊಡ್ಡವರ ಮೇಜಿನ ಮೇಲೆ ಇಟ್ಟ, ಆಮೇಲೆ ಅವರನ್ನು ನೋಡಿ ಕಲಿಯೋರಿಗೆ ಮಾರಿದ. ಆದರೆ ಬಡವರು ಏನು ಓದುತ್ತಿದ್ದರು? ಮೂವತ್ತು ಶಿಲಿಂಗ್ ಪುಸ್ತಕದಿಂದ ಒಂದು ಯುಗ ಆಗೋದಿಲ್ಲ.

— ಅಲ್ಲಿಗೇ ಬರ್ತಿದ್ದೆ. ಶೆಲ್ಲಿ 1813ರಲ್ಲಿ ‘ಕ್ವೀನ್ ಮ್ಯಾಬ್’ ಬರೆದ. ರಾಜ, ಪುರೋಹಿತ, ಯುದ್ಧ, ಆಸ್ತಿ, ಯಾವುದನ್ನೂ ಬಿಡದೆ ಝಾಡಿಸಿದ ಕಾವ್ಯ. ಅಚ್ಚು ಹಾಕೋನಿಗೆ ಭಯ. 1799ರ ಕಾನೂನಿನ ಪ್ರಕಾರ ಮುದ್ರಕನ ಹೆಸರು, ವಿಳಾಸ ಪುಸ್ತಕದ ಮೇಲೆ ಇರಲೇಬೇಕಿತ್ತು.

— ನಮಗೂ ಅದೇ ಇತ್ತು, 1867ರ ಕಾಯ್ದೆ. ಮುದ್ರಕನ ಹೆಸರು, ಅಚ್ಚಾದ ಊರು ಇಲ್ಲದ ಹಾಳೆ ಹೊರಗೆ ಹೋದರೆ ನಾವೇ ಹೊಣೆ. ಆ ಒಂದು ಸಾಲು ಜೋಡಿಸುವಾಗ ಎಷ್ಟೋ ಸಲ ಕೈ ತಡೆದಿದೆ ನನಗೆ. ಆ ಮುದ್ರಕನ ಸಂಕಟ ನನಗೆ ಅರ್ಥವಾಗುತ್ತೆ. ಏನು ಮಾಡಿದರು?

— ಶೆಲ್ಲಿ ಮುದ್ರಕನ ಜಾಗದಲ್ಲಿ ತನ್ನದೇ ಹೆಸರು ಹಾಕಿಸಿದ. 250 ಪ್ರತಿ ತೆಗೆದರು. ಅಂಗಡಿಗೆ ಹೋಗಲೇ ಇಲ್ಲ. ಸುಮಾರು ಎಪ್ಪತ್ತು ಪ್ರತಿ ಹಂಚಿದ. ಹಂಚುವಾಗ ಎಷ್ಟೋ ಪ್ರತಿಗಳಲ್ಲಿ ತನ್ನ ಹೆಸರಿದ್ದ ಭಾಗವನ್ನು ತಾನೇ ಕತ್ತರಿಸಿ ತೆಗೆದ.

— ಅಲ್ಲಿಗೆ ಆ ಪುಸ್ತಕ ಮುಗೀಬೇಕಿತ್ತು.

— ಮುಗೀಲಿಲ್ಲ. 1817ರಲ್ಲಿ ಒಂದು ಪ್ರಸಂಗ ನಡೆಯಿತು. ಸೌದಿ ಹುಡುಗನಾಗಿದ್ದಾಗ ಬರೆದಿದ್ದ ಕ್ರಾಂತಿಕಾರಿ ನಾಟಕ ‘ವಾಟ್ ಟೈಲರ್’ ಅನ್ನು ಯಾರೋ ಕದ್ದು ಪ್ರಕಟಿಸಿದರು. ಆಗ ಅವನು ಆಸ್ಥಾನ ಕವಿ. ತಡೆಯಾಜ್ಞೆ ಕೇಳಿ ನ್ಯಾಯಾಲಯಕ್ಕೆ ಹೋದ. ಸಮಾಜಕ್ಕೆ ಹಾನಿ ಮಾಡುವಂಥ ಬರಹಕ್ಕೆ ಕೃತಿಸ್ವಾಮ್ಯದ ರಕ್ಷಣೆ ಇಲ್ಲ ಅನ್ನೋ ನೆಲೆಯಲ್ಲಿ ಲಾರ್ಡ್ ಎಲ್ಡನ್ ನಿರಾಕರಿಸಿದ. ಪರಿಣಾಮ ನೋಡಿ. ಅಪಾಯಕಾರಿ ಅನ್ನಿಸಿದ ಪುಸ್ತಕವನ್ನು ಯಾರು ಬೇಕಾದರೂ ಅಗ್ಗವಾಗಿ ಅಚ್ಚು ಹಾಕಬಹುದು ಅಂತಾಯಿತು. 1821ರಲ್ಲಿ ವಿಲಿಯಂ ಕ್ಲಾರ್ಕ್ ಅನ್ನೋ ವ್ಯಾಪಾರಿ ‘ಕ್ವೀನ್ ಮ್ಯಾಬ್’ ಹಾಕಿದ, ಮೊಕದ್ದಮೆ ಎದುರಿಸಿದ. ಆದರೂ ಒಂದಾದಮೇಲೊಂದು ಕಳ್ಳ ಮುದ್ರಣ ಬಂದವು. ಮುಂದೆ ಚಾರ್ಟಿಸ್ಟ್ ಚಳವಳಿಯ ಕಾರ್ಮಿಕರು ಜೇಬಿನಲ್ಲಿಟ್ಟುಕೊಂಡು ಓದಿದ ಶೆಲ್ಲಿ ಈ ಶೆಲ್ಲಿ.

— ಹಾಗಾದರೆ ಕಳ್ಳ ಮುದ್ರಕರ ಹೆಸರೂ ನಿನ್ನ ಪಾಠದಲ್ಲಿ ಬರಬೇಕು. ಅವರು ಜೈಲು ಕಂಡವರು. ಮಾಡಿದ್ದು ದುಡ್ಡಿಗೇ ಇರಬಹುದು, ಆದರೂ ಪದ್ಯ ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಮುಟ್ಟಿಸಿದರು.

— ಶೆಲ್ಲಿಯದೇ ‘ಮಾಸ್ಕ್ ಆಫ್ ಅನಾರ್ಕಿ’ಗೆ ಆ ಭಾಗ್ಯ ಸಿಗಲಿಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರ್‌ನಲ್ಲಿ ಸಭೆ ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ಇಟಲಿಯಲ್ಲಿದ್ದ ಶೆಲ್ಲಿ ಸುದ್ದಿ ಕೇಳಿ ಪದ್ಯ ಬರೆದು ಪತ್ರಿಕಾ ಸಂಪಾದಕ ಲೀ ಹಂಟ್‌ಗೆ ಕಳಿಸಿದ. ರಾಜಕುಮಾರನನ್ನು ಟೀಕಿಸಿ ಹಂಟ್ ಮೊದಲೇ ಎರಡು ವರ್ಷ ಸೆರೆಮನೆ ಕಂಡವನು. ಪ್ರಕಟಿಸಲಿಲ್ಲ. ಅದು ಅಚ್ಚಾದದ್ದು 1832ರಲ್ಲಿ, ಶೆಲ್ಲಿ ಸಮುದ್ರದಲ್ಲಿ ಮುಳುಗಿ ಹತ್ತು ವರ್ಷ ಆದಮೇಲೆ.

— ಹಂಟ್‌ನನ್ನು ನಾನು ದೂರೋದಿಲ್ಲ. ಸೆರೆಮನೆ ನೋಡಿ ಬಂದವನಿಗೆ ಗೊತ್ತು. ಆದರೂ ಮಗಳೇ, ಬಿಸಿ ಇರುವಾಗ ಜನರ ಕೈಗೆ ಸಿಗದ ಪದ್ಯ... ಹೋಗಲಿ. ‘ಫ್ರಾಂಕೆನ್‌ಸ್ಟೈನ್’ ಹೇಳು.

— ಅದಕ್ಕೂ ಐನೂರು ಪ್ರತಿ. 1818ರ ಜನವರಿ 1, ಮೂರು ಸಂಪುಟ. ಮರ್ರೆ ಬೇಡ ಅಂದಿದ್ದ, ಶೆಲ್ಲಿಯ ಪ್ರಕಾಶಕ ಓಲಿಯರ್ ಕೂಡ ಬೇಡ ಅಂದಿದ್ದ. ಕೊನೆಗೆ ಲ್ಯಾಕಿಂಗ್ಟನ್ ಸಂಸ್ಥೆ ಒಪ್ಪಿತು. ಬರೆದವಳು ಶೆಲ್ಲಿಯ ಹೆಂಡತಿ ಮೇರಿ, ಆಗ ಇಪ್ಪತ್ತು ವರ್ಷ, ಪುಸ್ತಕದ ಮೇಲೆ ಹೆಸರಿಲ್ಲ. ಮುನ್ನುಡಿ ಗಂಡ ಬರೆದದ್ದು, ಅರ್ಪಣೆ ಅಪ್ಪ ವಿಲಿಯಂ ಗಾಡ್ವಿನ್‌ಗೆ. ವಾಲ್ಟರ್ ಸ್ಕಾಟ್ ಮೆಚ್ಚಿ ವಿಮರ್ಶೆ ಬರೆದ, ಬರೆದವನು ಪರ್ಸಿ ಶೆಲ್ಲಿ ಅಂದುಕೊಂಡು!

— ಅವಳ ಹೆಸರು ಪುಸ್ತಕದ ಮೇಲೆ ಬಂದದ್ದು ಯಾವಾಗ?

— 1823ರಲ್ಲಿ, ಎರಡನೇ ಮುದ್ರಣಕ್ಕೆ. ಆ ವರ್ಷ ಲಂಡನ್ನಿನ ರಂಗದ ಮೇಲೆ ಕತೆ ನಾಟಕವಾಗಿ ಓಡುತ್ತಿತ್ತು. ಗಾಡ್ವಿನ್ ಸಮಯ ನೋಡಿ ಮರುಮುದ್ರಣ ಹೊರಡಿಸಿದ. ಮೇರಿ ನಾಟಕಕ್ಕೆ ಹೋಗಿದ್ದಳು. ಪಾತ್ರಗಳ ಪಟ್ಟಿಯಲ್ಲಿ ಆ ಜೀವಿಯ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಅದು ಅವಳಿಗೆ ತುಂಬ ಮೆಚ್ಚುಗೆಯಾಯಿತು. ಇವತ್ತು ಹೆಚ್ಚಿನವರು ಓದೋದು 1831ರಲ್ಲಿ ಅವಳು ತಿದ್ದಿದ ರೂಪ. ನಾನು ಮಕ್ಕಳಿಗೆ 1818ರದನ್ನೇ ಕೊಡ್ತೀನಿ. ತಿದ್ದಿದ ಮೇಲೆ ವಿಧಿಯ ಮಾತು ಹೆಚ್ಚಾಯಿತು, ಆ ಜೀವಿಯನ್ನು ಸೃಷ್ಟಿಸಿದ ವಿಕ್ಟರ್‌ನ ಹೊಣೆ ಹಗುರವಾಯಿತು ಅಂತ ನನ್ನ ಅಭಿಪ್ರಾಯ.

— ಜೇನ್ ಆಸ್ಟಿನ್ ಪುಸ್ತಕಗಳ ಮೇಲೂ ಹೆಸರಿರಲಿಲ್ಲ, ಅಲ್ಲವಾ?

— ಬದುಕಿರೋವರೆಗೂ ಇರಲಿಲ್ಲ. 1811ರ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ ಮೇಲೆ ಒಬ್ಬ ಮಹಿಳೆ ಬರೆದದ್ದು ಅಂತಷ್ಟೇ ಇತ್ತು. ನಷ್ಟವಾದರೆ ತನ್ನದೇ ಅನ್ನೋ ಕರಾರಿನ ಮೇಲೆ ಹಾಕಿಸಿದಳು, 140 ಪೌಂಡ್ ಲಾಭ ಬಂತು. ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಹಕ್ಕನ್ನು 110 ಪೌಂಡಿಗೆ ಮಾರಿಬಿಟ್ಟಳು. ಅದಕ್ಕಿಂತ ಮುಂಚೆ, 1803ರಲ್ಲಿ, ಒಂದು ಕಾದಂಬರಿಯನ್ನು ಹತ್ತು ಪೌಂಡಿಗೆ ಕೊಂಡ ಪ್ರಕಾಶಕ ಹದಿಮೂರು ವರ್ಷ ಅಚ್ಚೇ ಹಾಕದೆ ಇಟ್ಟುಕೊಂಡ. ವಾಪಸ್ ಕೊಂಡುಕೊಳ್ಳಬೇಕಾಯಿತು. ಅದೇ ‘ನಾರ್ಥ್ಯಾಂಗರ್ ಅಬ್ಬೆ’. ಅವಳು ಸತ್ತ ವರ್ಷದ ಕೊನೆಗೆ ಬಂತು.

— ಇಷ್ಟೆಲ್ಲ ಗೊತ್ತಿದ್ದೂ ಟಿಪ್ಪಣಿಯ ಕೊನೆಗೆ ಇವರನ್ನೆಲ್ಲ ಕಾಲವೇ ಉಳಿಸಿತು ಅಂತ ಬರೆದಿದ್ದೀಯ. ಆ ಸಾಲು ಹೊಡೆದುಹಾಕು.

— ಅದು ಸುಳ್ಳಲ್ಲ ಮಾವ. ಕೀಟ್ಸ್ 1821ರಲ್ಲಿ ಸತ್ತಾಗ ಅವನ ಪುಸ್ತಕಗಳು ಮಾರಾಟವಾಗದೆ ಬಿದ್ದಿದ್ದವು, ಎಷ್ಟೋ ವರ್ಷ ಹಾಗೇ ಇದ್ದವು. ಇವತ್ತು ಅವನಿಲ್ಲದ ಪಠ್ಯವಿಲ್ಲ. ಪದ್ಯದಲ್ಲಿ ಕಸುವಿಲ್ಲದಿದ್ದರೆ ಇದು ಆಗುತ್ತಿತ್ತಾ?

— ಕಸುವಿಲ್ಲ ಅಂತ ನಾನೆಲ್ಲಿ ಹೇಳಿದೆ? ಬೀಜ ಗಟ್ಟಿಯಿದ್ದರೂ ಬಿತ್ತೋನು ಬೇಕು. ಸತ್ತಮೇಲೆ ಕೀಟ್ಸ್‌ನನ್ನು ಮತ್ತೆ ಅಚ್ಚಿಗೆ ತಂದವರು ಯಾರು?

— ಸ್ನೇಹಿತರು ಕಾಗದ ಪತ್ರ ಜೋಪಾನ ಮಾಡಿದ್ದರು. ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಅವನ್ನೆಲ್ಲ ಕಲೆಹಾಕಿ 1848ರಲ್ಲಿ ಜೀವನಚರಿತ್ರೆ ತಂದ. ಬ್ಲೇಕ್‌ಗೆ ಅಲೆಕ್ಸಾಂಡರ್ ಗಿಲ್‌ಕ್ರಿಸ್ಟ್. ಅವನು ಕೆಲಸ ಮುಗಿಸೋ ಮೊದಲೇ ತೀರಿಕೊಂಡ, ಹೆಂಡತಿ ಆ್ಯನ್ ಪೂರ್ತಿಮಾಡಿ 1863ರಲ್ಲಿ ಹೊರತಂದಳು. ಶೆಲ್ಲಿಗೆ ಮೇರಿ. 1824ರಲ್ಲಿ ಅವಳು ಅವನ ಅಪ್ರಕಟಿತ ಪದ್ಯಗಳನ್ನು ಪ್ರಕಟಿಸಿದಾಗ ಶೆಲ್ಲಿಯ ಅಪ್ಪ ಸರ್ ಟಿಮೊಥಿ ಹಟಹಿಡಿದು ಉಳಿದ ಪ್ರತಿಗಳನ್ನು ವಾಪಸ್ ತೆಗೆಸಿದ. ಮೊಮ್ಮಗನಿಗೆ ಕೊಡೋ ಹಣ ಅವನ ಕೈಯಲ್ಲಿತ್ತು. ಗಂಡನ ಜೀವನಚರಿತ್ರೆ ಬರೆಯಬಾರದು ಅಂತಲೂ ಕಟ್ಟು ಹಾಕಿದ್ದ. 1839ರಲ್ಲಿ ನಾಲ್ಕು ಸಂಪುಟ ತರುವಾಗ ಅವಳು ಪದ್ಯಗಳಿಗೆ ಟಿಪ್ಪಣಿ ಬರೆದಳು. ಆ ಟಿಪ್ಪಣಿಗಳಲ್ಲೇ ಗಂಡನ ಬದುಕನ್ನು ಹೇಳಿಬಿಟ್ಟಳು.

— ಎಂಥ ಹೆಣ್ಣುಮಗಳು! ಕಾಲ ಅಲ್ಲ ಕಣಮ್ಮ, ಇವರು. ವಿಧವೆಯರು, ಸ್ನೇಹಿತರು, ಜೈಲಿಗೆ ಹೋದ ಮುದ್ರಕರು. ಒಬ್ಬೊಬ್ಬರಿಗೂ ಹೆಸರಿದೆ, ಹೆಸರು ಹಿಡಿದು ಹೇಳು. ನಮ್ಮ ಮೈಸೂರಿಗೆ ಇವರು ಬಂದದ್ದೂ ಹಾಗೇ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂತು. ಬರ್ನ್ಸ್, ವರ್ಡ್ಸ್‌ವರ್ತ್, ಶೆಲ್ಲಿ ಎಲ್ಲ ಕನ್ನಡ ಛಂದಸ್ಸಿನಲ್ಲಿ ನಡೆದಾಡಿದರು.

— ಶ್ರೀಯವರು ಆರಿಸಿದ್ದು ಬಹುಪಾಲು ಪಾಲ್‌ಗ್ರೇವ್‌ನ 1861ರ ‘ಗೋಲ್ಡನ್ ಟ್ರೆಷರಿ’ಯಿಂದ. ಆ ಸಂಕಲನದಲ್ಲಿ ವರ್ಡ್ಸ್‌ವರ್ತ್‌ಗೆ ದೊಡ್ಡ ಪಾಲು. ನಮ್ಮ ಕಾಲೇಜುಗಳಲ್ಲೂ ದಶಕಗಳ ಕಾಲ ಅದೇ ಪಠ್ಯ. ನಮ್ಮ ಕಣ್ಣಿನ ರೊಮ್ಯಾಂಟಿಕ್ ಯುಗವನ್ನು ಕಟ್ಟಿದ್ದರಲ್ಲಿ ಪಾಲ್‌ಗ್ರೇವ್‌ನ ಕೈ ಇದೆ ಅನ್ನೋದು ನೀವು ಹೇಳಿದಮೇಲೆ ಹೊಳೀತಿದೆ.

— ಅವನ ಕೈಗೂ ಸಿಗದವರು ಯಾರು? ಅವರನ್ನು ಹೇಳು.

— ಜಾನ್ ಕ್ಲೇರ್. ಹೊಲದ ಕೂಲಿಯವನ ಮಗ. 1820ರಲ್ಲಿ ಅವನ ಮೊದಲ ಪುಸ್ತಕ ಬಂತು, ಕೀಟ್ಸ್‌ನ ಪ್ರಕಾಶಕ ಟೇಲರ್ ಆ್ಯಂಡ್ ಹೆಸ್ಸಿಯವರದೇ. ಅದೇ ವರ್ಷ ಕೀಟ್ಸ್‌ನ ಕೊನೆಯ ಪುಸ್ತಕವೂ ಬಂತು. ಕ್ಲೇರ್‌ನದು ಒಂದು ವರ್ಷದಲ್ಲಿ ಮೂರು ಸಾವಿರ ದಾಟಿತು, ಕೀಟ್ಸ್‌ನದು ಕೂತಿತು. ಆಮೇಲೆ ಕ್ಲೇರ್‌ನನ್ನು ಮರೆತರು. ಬುದ್ಧಿ ಕೆಟ್ಟಿತು. 1841ರಿಂದ 1864ರಲ್ಲಿ ಸಾಯೋವರೆಗೆ ನಾರ್ಥಾಂಪ್ಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿದ್ದ, ಅಲ್ಲೂ ಬರೆಯುತ್ತಿದ್ದ. ಅಲ್ಲಿಯ ಮೇಲ್ವಿಚಾರಕ ವಿಲಿಯಂ ನೈಟ್ ನೂರಾರು ಪದ್ಯಗಳನ್ನು ತನ್ನ ಕೈಯಲ್ಲಿ ನಕಲು ಮಾಡಿ ಇಟ್ಟ. ಕ್ಲೇರ್ ಪೂರ್ತಿಯಾಗಿ ಅಚ್ಚಾಗೋಕೆ ನಮ್ಮ ಕಾಲವೇ ಬೇಕಾಯಿತು. ಆಕ್ಸ್‌ಫರ್ಡ್‌ನವರ ಒಂಬತ್ತು ಸಂಪುಟ ಶುರುವಾದದ್ದು 1984ರಲ್ಲಿ, ಮುಗಿದದ್ದು 2003ರಲ್ಲಿ.

— ಹೂಂ. ಆ ಒಂಬತ್ತೂ ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಇದೆಯಾ?

— ಒಂದೂ ಇಲ್ಲ ಮಾವ. ಪಟ್ಟಿ ಕೊಡೋಕೆ ಈ ತಿಂಗಳ ಕೊನೆಯವರೆಗೆ ಅವಕಾಶ ಇದೆ.

— ಹಾಗಾದರೆ ಮೊದಲು ಆಸ್ಪತ್ರೆಯಲ್ಲಿ ಬರೆದವು ಇರೋ ಸಂಪುಟ ಕೇಳು. ನೈಟ್ ನಕಲು ಮಾಡಿದ್ದನ್ನು ನನಗೂ ಓದಬೇಕು.